ನವರಾತ್ರಿಯಿಂದ ಮೊಟ್ಟೆ ಕಡಿಮೆ, ಯಾಕೆ ಅಂದರೆ

ನಮಸ್ಕಾರ.

ಅಂಕೋಲೆ, ಅಮದಳ್ಳಿ, ಕಾರವಾರದ ನಮ್ಮ ಹದಿನಾರೂ ಮನೆಯವರಿಗೆ ಈ ಪತ್ರ. ಫೋನಿನಲ್ಲಿ ಒಬ್ಬೊಬ್ಬರಿಗೇ ಹೇಳುತ್ತ ಹೋದರೆ ಒಂದೇ ಮಾತು ಹದಿನಾರು ಥರ ಆಗುತ್ತದೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ವಿಷಯ ಇಷ್ಟು. ನವರಾತ್ರಿಯಿಂದ ಮೊಟ್ಟೆ ಕೊಡಲು ವಾರಕ್ಕೆ ಎರಡು ಸಲ ಬರುವುದಿಲ್ಲ, ಶನಿವಾರ ಒಂದೇ ಸಲ. ವಾರಕ್ಕೆ ಡಜನ್ ತೆಗೆದುಕೊಳ್ಳುತ್ತಿದ್ದವರಿಗೆ ಏಳೋ ಎಂಟೋ ಸಿಗುತ್ತದೆ. ಮೇ ತಿಂಗಳವರೆಗೆ ಹೀಗೇ. ಕೋಳಿಗಳಿಗೆ ರೋಗ ಬಂದಿಲ್ಲ, ಗಾಬರಿ ಬೇಡ. ಕೋಳಿ ಜಾಸ್ತಿ ಮಾಡಲು ಹೊರಟಿದ್ದೇವೆ, ಅದಕ್ಕೇ ಮೊಟ್ಟೆ ಕಡಿಮೆ.

ಈಗ ನಮ್ಮ ಹಿತ್ತಲಲ್ಲಿ 40 ಹೇಂಟೆಗಳಿವೆ. 30 ಊರ ಕೋಳಿ, 10 ಗಿರಿರಾಜ ಅನ್ನುವ ಮಿಶ್ರ ತಳಿಯವು. ಊರ ಹೇಂಟೆ ವರ್ಷಕ್ಕೆ 60–70 ಮೊಟ್ಟೆ ಇಟ್ಟರೆ ದೊಡ್ಡ ಮಾತು. ಹನ್ನೆರಡೋ ಹದಿನೈದೋ ಇಡುತ್ತದೆ, ಆಮೇಲೆ ಕಾವಿಗೆ ಕೂತುಬಿಡುತ್ತದೆ. ಇಷ್ಟು ದಿನ ಹಾಗೆ ಕೂತದ್ದನ್ನು ಎಬ್ಬಿಸುವುದೇ ನಮ್ಮ ಕೆಲಸವಾಗಿತ್ತು. ಹುಲ್ಲಿಲ್ಲದ ತಂತಿ ಗೂಡಿನಲ್ಲಿ ಮೂರು ನಾಲ್ಕು ದಿನ ಬಿಟ್ಟರೆ ಅದರ ಕಾವು ಇಳಿಯುತ್ತದೆ, ಸ್ವಲ್ಪ ದಿನದಲ್ಲಿ ಮತ್ತೆ ಮೊಟ್ಟೆ ಶುರು. ನಿಮ್ಮ ಟ್ರೇ ತುಂಬುತ್ತಿದ್ದುದು ಹೀಗೆ. ಅತ್ತೆಗೆ ಇದು ಕಂಡರೆ ಆಗುತ್ತಿರಲಿಲ್ಲ. 'ಕೂರ್ತೇನೆ ಅಂದವಳನ್ನು ಯಾಕೆ ಎಬ್ಬಿಸ್ತೀಯೆ' ಅನ್ನುವರು.

ಈ ಸಲ ಎಬ್ಬಿಸುವುದಿಲ್ಲ. ಏಳು ಹೇಂಟೆಗಳನ್ನು ಒಟ್ಟಿಗೆ ಕೂರಿಸುತ್ತೇವೆ, ಒಂದೊಂದರ ಅಡಿಗೆ 11 ಮೊಟ್ಟೆ. ಮರಿ ಒಡೆಯಲು 21 ದಿನ, ಆಮೇಲೆ ಮರಿಗಳನ್ನು ಕಟ್ಟಿಕೊಂಡು ತಿರುಗಲು ಎರಡು ತಿಂಗಳು. ಒಂದು ಹೇಂಟೆ ಮೂರು ತಿಂಗಳು ರಜೆ ಹಾಕಿದ ಹಾಗೆ. ಹೀಗೆ ಮೂರು ಸರದಿ: ನವರಾತ್ರಿಗೆ, ಡಿಸೆಂಬರ್‌ಗೆ, ಫೆಬ್ರವರಿಗೆ. ಒಂದು ಸರದಿಗೆ 77 ಇಟ್ಟರೆ ಐವತ್ತೈದು ಅರವತ್ತು ಒಡೆಯಬಹುದು. ಅದರಲ್ಲಿ ಹದ್ದು, ಮುಂಗುಸಿ, ಕಾಡುಬೆಕ್ಕಿನ ಪಾಲು ಹೋಗಿ ನಲವತ್ತೈದು ಉಳಿದರೆ ನಮ್ಮ ಪುಣ್ಯ. ಅದರಲ್ಲೂ ಅರ್ಧ ಹುಂಜ. ಎಲ್ಲ ಲೆಕ್ಕ ಹಾಕಿದರೆ ಮುಂದಿನ ವರ್ಷಕ್ಕೆ ಹೇಂಟೆಗಳು ನೂರರ ಆಸುಪಾಸು.

ಮರಿ ಕೊಂಡು ತಂದರೆ ಇಷ್ಟೆಲ್ಲ ಕಾಯಬೇಕಿಲ್ಲ ಅಲ್ವಾ ಅಂತ ಕಾರವಾರದ ಒಬ್ಬರು ಕೇಳಿದರು. ತಂದು ನೋಡಿದ್ದೇವೆ. ಹೋದ ವರ್ಷ 50 ಮರಿ ತಂದೆವು. ಎಲ್ಲಿಂದ ಅಂತ ಹೇಳುವುದಿಲ್ಲ. ಲಸಿಕೆ ಆಗಿದೆ ಅಂದಿದ್ದರು. ಎರಡನೇ ವಾರ ಒಂದು ಮರಿ ಮೂಲೆಯಲ್ಲಿ ಕುತ್ತಿಗೆ ತಿರುಚಿಕೊಂಡು ನಿಂತಿತ್ತು, ಆಕಾಶ ನೋಡುವ ಹಾಗೆ. ಹಿಂದೆ ಪುಕ್ಕಕ್ಕೆಲ್ಲ ಹಸಿರು ಹಿಕ್ಕೆ ಮೆತ್ತಿತ್ತು. ರಾಣಿಖೇತ್ ರೋಗ. ಒಂಬತ್ತು ದಿನದಲ್ಲಿ 41 ಮರಿ ಹೋದವು, ಜೊತೆಗೆ ನಮ್ಮವೇ ಹಳೆಯ ಆರು ಹೇಂಟೆ. ತೆಂಗಿನ ಬುಡದಿಂದ ದೂರ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿದೆವು. ಆಗ ನಿಮಗೆ ಒಂದೂವರೆ ತಿಂಗಳು ಮೊಟ್ಟೆ ಬರಲಿಲ್ಲ. ಮಳೆ ಅಂತ ಹೇಳಿದ್ದೆ. ಮಳೆಯೂ ಇತ್ತು, ಆದರೆ ನಿಜವಾದ ಕಾರಣ ಇದು. ಅವತ್ತೇ ಹೇಳಬೇಕಿತ್ತು.

ಅದಕ್ಕೇ ಮರಿ ನಮ್ಮ ಅಂಗಳದ್ದೇ ಆಗಲಿ, ಲಸಿಕೆ ನಮ್ಮ ಕೈಯಿಂದಲೇ ಆಗಲಿ ಅಂತ ನಿಶ್ಚಯ ಮಾಡಿದೆವು. ಏಳು ಹೇಂಟೆಗಳನ್ನು ಒಂದೇ ದಿನ ಕೂರಿಸುವುದಕ್ಕೂ ಲಸಿಕೆಯೇ ಕಾರಣ. ರಾಣಿಖೇತ್‌ಗೆ ಹಾಕುವ ಲಸೋಟಾ ಅನ್ನುವ ಲಸಿಕೆ ಒಂದು ಬಾಟಲಿ ಅಂದರೆ ಕಡಿಮೆ ಅಂದರೂ ನೂರು ಕೋಳಿಗೆ ಆಗುವಷ್ಟು. ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಇವತ್ತು ಐದು ಮರಿ, ನಾಡಿದ್ದು ಎಂಟು ಮರಿ ಅಂದರೆ ಬಾಟಲಿ ಮೇಲೆ ಬಾಟಲಿ ದಂಡ. ಒಟ್ಟಿಗೆ ಒಡೆದರೆ ಏಳನೇ ದಿನ ಅಷ್ಟಕ್ಕೂ ಕಣ್ಣಿಗೆ ಒಂದೊಂದು ಹನಿ. ನಾಲ್ಕು ವಾರಕ್ಕೆ ಮತ್ತೊಮ್ಮೆ. ಎಂಟು ವಾರಕ್ಕೆ ಅದೇ ರೋಗಕ್ಕೆ ಆರ್‌ಟುಬಿ ಅನ್ನುವ ಚುಚ್ಚುಮದ್ದು, ರೆಕ್ಕೆಯಡಿ. ಮದ್ದನ್ನು ಅಂಕೋಲೆಯಿಂದ ಥರ್ಮಾಸಿನಲ್ಲಿ ಐಸ್ ಹಾಕಿ ತರಬೇಕು. ಮಿಕ್ಕ ಹನಿ ಅಕ್ಕಪಕ್ಕದ ಮನೆ ಕೋಳಿಗೆ. ಇದರಲ್ಲಿ ಧರ್ಮವೇನೂ ಇಲ್ಲ. ಅವರ ಕೋಳಿ ಬೇಲಿ ದಾಟಿ ನಮ್ಮ ಗದ್ದೆಗೇ ಬರುತ್ತದೆ.

ಕಾವಿನ ಮಶೀನು ಯಾಕೆ ಬೇಡ ಅಂದರೆ, ಅದಕ್ಕೆ ಹಗಲು ರಾತ್ರಿ ಮೂವತ್ತೇಳೂವರೆ ಡಿಗ್ರಿ ಶಾಖ ಬೇಕು. ನಮ್ಮಲ್ಲಿ ಗುಡುಗು ಕೇಳಿದರೆ ಸಾಕು, ಕರೆಂಟು ಹೋಗುತ್ತದೆ. ಹೇಂಟೆಗೆ ಕರೆಂಟು ಬೇಡ.

ಹೋದ ಜನವರಿಯಲ್ಲಿ ಒಂದನ್ನು ಕೂರಿಸಿ ನೋಡಿದ್ದೆವು. ಬುಟ್ಟಿಯಲ್ಲಿ ಮರಳು, ಮೇಲೆ ಹುಲ್ಲು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಅತ್ತೆ ಒಂದು ಕಬ್ಬಿಣದ ಮೊಳೆ, ಒಂದು ತುಂಡು ಇದ್ದಿಲು ಇಟ್ಟರು. ಜನವರಿಯಲ್ಲಿ ಎಲ್ಲಿಯ ಗುಡುಗು? ನಾನು ಸುಮ್ನೆ ಇದ್ದೆ. ಏಳನೇ ರಾತ್ರಿ ಲೈಟು ಆರಿಸಿ, ಮೊಬೈಲ್ ಟಾರ್ಚಿನ ಮೇಲೆ ಒಂದೊಂದೇ ಮೊಟ್ಟೆ ಹಿಡಿದೆವು. ಮರಿ ಇದ್ದದ್ದರಲ್ಲಿ ಜೇಡ ಬಲೆ ನೇಯ್ದ ಹಾಗೆ ಕೆಂಪು ಎಳೆಗಳು, ನಡುವೆ ಕದಲುವ ಚುಕ್ಕೆ. ಬರಡಾದದ್ದು ಸುಮ್ಮನೆ ಹಳದಿ ದೀಪ. ಅತ್ತೆ ಅಷ್ಟು ವರ್ಷ ಕೋಳಿ ಸಾಕಿದವರು, ಬಿಸಿಲಿಗೆ ಹಿಡಿದು ನೋಡಿದ್ದು ಬಿಟ್ಟರೆ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲವಂತೆ. ಆ ಮೊಟ್ಟೆಯನ್ನು ಕೆಳಗಿಡಲು ಬಹಳ ಹೊತ್ತು ಮಾಡಿದರು. ಹನ್ನೊಂದರಲ್ಲಿ ಒಂಬತ್ತು ಒಡೆದವು.

ಹುಂಜದ ವಿಷಯ ಒಂದಿದೆ. ಹಳೆಯ ಹುಂಜಗಳೇ ಈಗಿನ ಎಷ್ಟೋ ಹೇಂಟೆಗಳ ಅಪ್ಪ. ಅವನ್ನೇ ಇಟ್ಟುಕೊಂಡರೆ ಮರಿ ಸೊರಗುತ್ತವೆ. ಘಟ್ಟದ ಮೇಲೆ ಶಿರಸಿ ಕಡೆಯ ಪರಿಚಯದವರಿಗೆ ನಾಲ್ಕು ಹೇಂಟೆ ಕೊಟ್ಟು ಮೂರು ಹುಂಜ ತಂದೆವು. ಹತ್ತು ಹೇಂಟೆಗೆ ಒಂದು ಹುಂಜ ಅನ್ನುವ ಲೆಕ್ಕ. ಹಳೆಯದನ್ನು ಬಿಡಿಸಿದ ಮೇಲೂ ಎರಡು ಮೂರು ವಾರ ಹುಟ್ಟುವುದು ಹಳೆಯ ಹುಂಜದ ಸಂತಾನವೇ ಆಗಬಹುದು. ಅದಕ್ಕೇ ಇವತ್ತೇ ಕೂರಿಸದೆ ನವರಾತ್ರಿವರೆಗೆ ಕಾಯುತ್ತಿರುವುದು. ಮೂರರಲ್ಲಿ ಕೆಂಪು ಹುಂಜ ಸ್ವಲ್ಪ ಜೋರು. ಮನೆಗೆ ಬರುವವರು ಗೇಟಿನ ಹತ್ತಿರವೇ ಕೂಗಿ.

ಊರ ಮೊಟ್ಟೆ ಕಾವಿಗೆ ಹೋಗುವುದರಿಂದ ನಿಮ್ಮ ಟ್ರೇಯಲ್ಲಿ ಗಿರಿರಾಜದ ಮೊಟ್ಟೆ ಜಾಸ್ತಿ ಕಾಣುತ್ತದೆ. ದೊಡ್ಡದು, ಕಂದು ಬಣ್ಣದ್ದು. ಅಂಗಡಿ ಮೊಟ್ಟೆಗೆ ಬಣ್ಣ ಹಚ್ಚಿದ್ದಲ್ಲ, ದಯವಿಟ್ಟು ನಂಬಿ. ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲಲ್ಲಿ ಸಾಕಲಿಕ್ಕೆಂದೇ ಬೆಳೆಸಿದ ತಳಿ. ವರ್ಷಕ್ಕೆ 130–150 ಇಡುತ್ತದೆ. ಕಾವಿಗೆ ಕೂರುವ ಗೊಡವೆಗೆ ಹೋಗುವುದಿಲ್ಲ. ಮಿಶ್ರ ತಳಿ ಆದ್ದರಿಂದ ಅದರ ಮರಿ ಅದರ ಹಾಗೇ ಬರುವುದೂ ಇಲ್ಲ, ಹಾಗಾಗಿ ಅದರ ಮೊಟ್ಟೆ ತಿನ್ನಲಿಕ್ಕೆ ಮಾತ್ರ. ಇಷ್ಟು ದಿನ ಎರಡನ್ನೂ ಸೇರಿಸಿ 13 ರೂಪಾಯಿ ಹಾಕುತ್ತಿದ್ದೆವು. ಇನ್ನು ಮುಂದೆ ಬೇರೆ ಬೇರೆ: ಊರದ್ದು 15, ಗಿರಿರಾಜದ್ದು 10. ಎರಡೂ ಅದೇ ಗದ್ದೆ ಮೇಯುತ್ತವೆ, ಅದೇ ತೌಡು, ಅದೇ ಅಘನಾಶಿನಿಯ ಬಳಚು ಚಿಪ್ಪಿನ ಪುಡಿ ತಿನ್ನುತ್ತವೆ. ಒಣ ತಾರ್ಲೆ ಮಾತ್ರ ನಿಲ್ಲಿಸಿದ್ದೇವೆ. ಬೇಸಿಗೆಯಲ್ಲಿ ಅದು ಸ್ವಲ್ಪ ಜಾಸ್ತಿಯಾಗಿ ಆಮ್ಲೆಟ್ ಮೀನು ನಾರುತ್ತದೆ ಅಂತ ಮೂರು ಮನೆಯಿಂದ ಫೋನು ಬಂದಿತ್ತು. ನಾಲ್ಕನೇ ಮನೆಯವರು ಚೆನ್ನಾಗಿದೆ ಅಂದರು, ಅವರ ಮಾತು ಲೆಕ್ಕಕ್ಕೆ ಹಿಡಿಯಲಿಲ್ಲ.

ಮಾಂಸಕ್ಕೆ ಕೇಳುವವರಿಗೆ: ಏಪ್ರಿಲ್ ಕೊನೆಯವರೆಗೆ ಹುಂಜ ಇಲ್ಲ. ಮೊದಲ ಸರದಿಯ ಹುಂಜಗಳು ಒಂದೂವರೆ ಕಿಲೋ ತೂಗಲು ಆರು ತಿಂಗಳು ಬೇಕು. ಅಂಕೋಲೆ ಬಂಡಿಹಬ್ಬದ ಹೊತ್ತಿಗೆ ಇಪ್ಪತ್ತರಷ್ಟು ಸಿಗಬಹುದು. ಈಗಿನಿಂದಲೇ ಹೆಸರು ಬರೆಸಿ, ಮುಂಗಡ ಬೇಡ. ನಡುವೆ ಮುದಿ ಹೇಂಟೆ ಒಂದೆರಡು ಇರುತ್ತವೆ. ಬೇಯಲು ಬಹಳ ಹೊತ್ತು ಬೇಕು, ಆದರೆ ಸಾರು ಅಂದರೆ ಅದರದ್ದೇ.

ಕೊನೆಗೆ ಟ್ರೇ. ಖಾಲಿ ಟ್ರೇ ವಾಪಸು ಕೊಡುವಾಗ ಅಂಗಡಿಯಿಂದ ಬಂದ ಟ್ರೇ ಅದರ ಜೊತೆ ಸೇರಿಸಬೇಡಿ. ಎಲ್ಲೆಲ್ಲಿಯೋ ತಿರುಗಿ ಬಂದ ರಟ್ಟಿನ ಟ್ರೇಯಲ್ಲಿ ಹಿಕ್ಕೆ ಅಂಟಿಕೊಂಡೇ ಇರುತ್ತದೆ, ರೋಗವೂ ಅದರ ಜೊತೆಗೇ ಬರುತ್ತದೆ. ನಮ್ಮ ಟ್ರೇಗಳ ಮೂಲೆಗೆ ನೀಲಿ ಪೇಂಟು ಬಳಿದಿದ್ದೇವೆ. ನೀಲಿ ಇದ್ದದ್ದು ಮಾತ್ರ ಶನಿವಾರ ಬಾಗಿಲ ಹೊರಗೆ ಇಡಿ.

ಇತಿ,
ನಿಮ್ಮ ಕೋಳಿ ಮನೆಯವರು