ನಲ್ಲಿ ಮಕ್ಕಳ ಕೈಗೆ ಎಟುಕಬೇಕು

ಆತ್ಮೀಯರೇ,

ಕಳೆದ ಮಳೆಗಾಲದಲ್ಲಿ ನಮ್ಮ ಬಾಲವಾಡಿಯ ಒಂದು ಮಗುವಿಗೆ ಕೆಂಗಣ್ಣು ಬಂತು. ವಾರ ಕಳೆಯುವಷ್ಟರಲ್ಲಿ ಹದಿನಾಲ್ಕು ಮಕ್ಕಳು ಮನೆಯಲ್ಲಿ. ಟೀಚರಿಗೂ ಬಂತು. ಮಗು ಮನೆಯಲ್ಲಿ ಉಳಿದರೆ ಮಲ್ಪೆ ಬಂದರಿನಲ್ಲಿ ಮೀನು ಆಯುವ ಅಮ್ಮನಿಗೆ ಆ ದಿನದ ಸಂಬಳ ಇಲ್ಲ. ಕಾರಣಕ್ಕೆ ದೂರ ಹುಡುಕಬೇಕಾಗಲಿಲ್ಲ. ನಲ್ಲಿ ಪಕ್ಕ ಎಲ್ಲರಿಗೂ ಸೇರಿ ಒಂದೇ ಬೈರಾಸು (ಟವೆಲ್) ನೇತು ಹಾಕಿದ್ದೆವು. ಮಳೆಗಾಲದಲ್ಲಿ ಅದು ಒಣಗುವುದುಂಟಾ, ಉಡುಪಿಯವರಿಗೆ ಹೇಳಬೇಕಾ? ತಪ್ಪು ನಮ್ಮದೇ. ಅದೇ ದಿನ ತೆಗೆದೆವು.

ಆಮೇಲೆ ಟೀಚರ್ ಒಂದು ಆಟ ಆಡಿಸಿದರು. ಒಬ್ಬಳ ಅಂಗೈಗೆ ತೆಂಗಿನೆಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿ, ಎಲ್ಲರಿಗೂ ಶೇಕ್‌ಹ್ಯಾಂಡ್ ಕೊಡು ಅಂದರು. ಐದೇ ನಿಮಿಷ. ಬಾಗಿಲ ಚಿಲಕ, ಆಟದ ಬ್ಲಾಕು, ಪಕ್ಕದವನ ಮೂಗು, ಎಲ್ಲ ಹಳದಿ! ಬರೀ ನೀರಿಗೆ ಅದು ಜಗ್ಗಲಿಲ್ಲ. ಸೋಪು ಹಾಕಿ ಉಜ್ಜಿದ ಮೇಲೆಯೇ ಬಿಟ್ಟಿತು. ಕೈಯ ಜಿಡ್ಡಿಗೆ ಅಂಟಿದ ರೋಗಾಣುವೂ ಹೋಗುವುದು ಹೀಗೆಯೇ. ವಾಂತಿಭೇದಿ ತರುವ ಕೆಲವು ವೈರಸ್‌ಗಳಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಹಾಗಾಗಿ ನಮಗೆ ಸೋಪೇ ಬೇಕು.

ಈಗ ಮಕ್ಕಳು ತುಳುವಿನಲ್ಲಿ "ಒಂಜಿ, ರಡ್ಡ್, ಮೂಜಿ" ಅಂತ ಇರ್ವದವರೆಗೆ, ಅಂದರೆ ಇಪ್ಪತ್ತರವರೆಗೆ, ಎಣಿಸುತ್ತಾ ಉಜ್ಜಲು ಕಲಿತಿದ್ದಾರೆ. 20 ಸೆಕೆಂಡ್ ಆಗುತ್ತದೆ. ಕೆಮ್ಮು ಬಂದರೆ ಮೊಣಕೈ ಮಡಚಿ ಅದರೊಳಗೆ. ಸಿಂಬಳ ಮಾತ್ರ ಇನ್ನೂ ತೋಳಿಗೇ.

ತೊಂದರೆ ಇರುವುದು ನಲ್ಲಿಯಲ್ಲಿ. ಇರುವುದು ಎರಡೇ, ಅದೂ ದೊಡ್ಡವರ ಎತ್ತರಕ್ಕೆ. ಮೂರು ವರ್ಷದ ಮಗು ತುದಿಗಾಲಲ್ಲಿ ನಿಂತರೂ ಎಟುಕುವುದಿಲ್ಲ, ಆಯಾ ಎತ್ತಿ ಹಿಡಿಯಬೇಕು. 46 ಮಕ್ಕಳು ಊಟಕ್ಕೆ ಮುಂಚೆ ಸಾಲು ನಿಂತರೆ ಅರ್ಧ ಗಂಟೆ ಬೇಕು. ಹಸಿದವರು ಐದಕ್ಕೇ ಎಣಿಕೆ ನಿಲ್ಲಿಸಿ ಓಡಿಬಿಡುತ್ತಾರೆ. ಬೈದು ಏನು ಪ್ರಯೋಜನ, ಅಲ್ವಾ?

ಅದಕ್ಕೆ ಈ ಮನವಿ. ಕೆಳಗೆ ತೊಟ್ಟಿ, ಎರಡಡಿ ಎತ್ತರದಲ್ಲಿ ಆರು ನಲ್ಲಿ, ಶೌಚಾಲಯದ ಹತ್ತಿರ ಇನ್ನೆರಡು, 500 ಲೀಟರಿನ ಒಂದು ಟ್ಯಾಂಕ್. ಮೇಸ್ತ್ರಿ ಹೇಳಿದ ಲೆಕ್ಕ 68,000 ರೂಪಾಯಿ. ಪೋಷಕರೇ 21,000 ಒಟ್ಟು ಮಾಡಿದ್ದಾರೆ. ಬಾಕಿ 47,000. ಇದಲ್ಲದೆ, 300 ರೂಪಾಯಿ ಕೊಟ್ಟರೆ ಒಂದು ಮಗುವಿಗೆ ವರ್ಷದ ಸೋಪು ಮತ್ತು ಹೆಸರು ಹೊಲಿದ ಎರಡು ಕರವಸ್ತ್ರ ಆಗುತ್ತದೆ. ಹಣವೇ ಆಗಬೇಕೆಂದಿಲ್ಲ. ಮನೆ ಕಟ್ಟಿ ಉಳಿದ ಟೈಲ್ಸ್, ಪೈಪ್ ಇದ್ದರೂ ಆದೀತು. ಪ್ಲಂಬಿಂಗ್ ಗೊತ್ತಿರುವವರು ಒಂದು ಭಾನುವಾರ ಬಂದರೆ ಇನ್ನೂ ಸಂತೋಷ.

ಕೊಟ್ಟದ್ದಕ್ಕೆಲ್ಲ ರಶೀದಿ ಇದೆ, ಖರ್ಚಿನ ಲೆಕ್ಕ ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ. ಜೂನ್ ಮಳೆ ಹಿಡಿಯುವ ಮೊದಲು ಕೆಲಸ ಮುಗಿಯಬೇಕು. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಇಲ್ಲೇ ಇರುತ್ತೇವೆ, ಒಮ್ಮೆ ಬನ್ನಿ. ಮಕ್ಕಳು ನಿಮ್ಮ ಕೈಯನ್ನೂ ತೊಳೆಸದೆ ಬಿಡುವುದಿಲ್ಲ.

ಬಾಲವಾಡಿ ಸಮಿತಿಯ ಪರವಾಗಿ,
ಉಡುಪಿ