ಜಿಲ್ಲಾ ಪಂಚಾಯಿತಿಗೆ ಸದಸ್ಯರು ಬೇಕು

ಮಾನ್ಯರೇ,

ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸೇರಿದಾಗಲೆಲ್ಲ, ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿಯ ಮಾತು ಬರುತ್ತದೆ. 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಆ ಸಮಿತಿ ಹೇಳಿದ್ದು 2002ರಲ್ಲಿ. ಅನುದಾನ ಕೇಳುವ ನಮ್ಮ ಭಾಗದ ಶಾಸಕರು, ಆ ತಾಲ್ಲೂಕುಗಳಲ್ಲಿ ಪಂಚಾಯಿತಿ ಚುನಾವಣೆ ಯಾಕಾಗಿಲ್ಲ ಎಂದು ಅಷ್ಟೇ ಗಟ್ಟಿಯಾಗಿ ಕೇಳಬೇಕು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಎನ್ನುತ್ತ ವರ್ಷಗಳು ಕಳೆದವು. ಅಧಿಕಾರ ಆಡಳಿತಾಧಿಕಾರಿಗಳ ಕೈಗೆ ಹೋಯಿತು.

ನಾನು ನಿವೃತ್ತ ಮಾಸ್ತರ. ನಮ್ಮೂರ ಶಾಲೆಯ ಎರಡು ಕೋಣೆ ಮಳೆಗಾಲದಲ್ಲಿ ಸೋರುತ್ತವೆ. ಮೊದಲಾದರೆ ತಾಲ್ಲೂಕು ಪಂಚಾಯಿತಿ ಸದಸ್ಯರ ಮನೆ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದೆವು. ಕೆಲಸವಾಗದಿದ್ದರೆ ಮತ ಕೇಳಲು ಬಂದಾಗ ನೆನಪಿಸುತ್ತಿದ್ದೆವು. ಈಗ ಅರ್ಜಿ ಹಿಡಿದು ಕಚೇರಿಗೆ ಹೋದರೆ, 'ಕ್ರಿಯಾಯೋಜನೆಯೊಳಗ ಸೇರಿಲ್ರೀ ಸರ್' ಎನ್ನುತ್ತಾರೆ. ಸೇರಿಸಬೇಕಾದವರು ಯಾರು? ಸಾಹೇಬರ ವರ್ಗಾವಣೆಯಾದರೆ ಮತ್ತೆ ಮೊದಲಿನಿಂದ ಹೇಳಬೇಕು.

ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್‌ಸಾಬ್ ಅವರ ಶ್ರಮದಿಂದ 1987ರಲ್ಲಿ, ಇಂದಿನ ಜಿಲ್ಲಾ ಪಂಚಾಯಿತಿಗಳ ಹಿಂದಿನ ರೂಪವಾದ ಜಿಲ್ಲಾ ಪರಿಷತ್ತುಗಳು ಬಂದವು. ನಾನಾಗ ಹೊಸದಾಗಿ ನೌಕರಿಗೆ ಸೇರಿದ್ದೆ. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಅಷ್ಟು ಎತ್ತರದಲ್ಲಿ ನಿಂತಿದ್ದ ಸಂಸ್ಥೆಯಲ್ಲಿ ಇಂದು ಸದಸ್ಯರ ಕುರ್ಚಿಗಳೇ ಖಾಲಿ. ನೋಡಿದರೆ ಸಂಕಟವಾಗುತ್ತದೆ. ತಾಲ್ಲೂಕಿನಲ್ಲಿ ಇನ್ನೊಬ್ಬ ನಾಯಕ ಬೆಳೆಯುವುದು ಬಹಳಷ್ಟು ಶಾಸಕರಿಗೆ ಬೇಕಿಲ್ಲ, ಪಕ್ಷ ಯಾವುದೇ ಇರಲಿ. ಇದು ನನ್ನ ಅನುಭವದ ಮಾತು.

ಇದರಿಂದ ಹಣವೂ ಕೈತಪ್ಪುತ್ತದೆ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನಕ್ಕೆ, ಚುನಾಯಿತ ಸದಸ್ಯರಿರುವ ಸ್ಥಳೀಯ ಸಂಸ್ಥೆಗಳಿಗೆ ಮಾತ್ರ ಎಂಬ ಷರತ್ತಿತ್ತು. ಗ್ರಾಮ ಪಂಚಾಯಿತಿಗೆ ಬಂದ ಆ ದುಡ್ಡಿನಲ್ಲೂ 2021–26ರಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೆ ಮೀಸಲಿತ್ತು. ಉಳಿದದ್ದರಲ್ಲಿ ಸಂಬಳ ಕೊಡುವಂತಿರಲಿಲ್ಲ. ಹಾಗಾಗಿ ನಮ್ಮಲ್ಲಿ ಪೈಪ್‌ಲೈನಿಗೆ ದುಡ್ಡಿದೆ. ಬೆಳಗಿನ ಐದಕ್ಕೆ ಎದ್ದು ನೀರು ಬಿಡುವ ವಾಟರ್‌ಮನ್ ಮಾತ್ರ ಪಗಾರಕ್ಕಾಗಿ ಮನೆ ಕರ ವಸೂಲಾಗುವವರೆಗೆ ಕಾಯುತ್ತಾನೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಶಾಸಕರು ಬರುವ ಅಧಿವೇಶನದ ಮೊದಲ ದಿನವೇ ಎದ್ದು ನಿಂತು ಈ ಚುನಾವಣೆಯ ದಿನಾಂಕ ಕೇಳಲಿ. ವಾಟರ್‌ಮನ್ ಸಂಬಳಕ್ಕೆ ರಾಜ್ಯದ ಬಜೆಟ್‌ನಲ್ಲಿ ಪ್ರತ್ಯೇಕ ಹಣ ಕೇಳಲಿ.

— ಒಬ್ಬ ನಿವೃತ್ತ ಶಿಕ್ಷಕ, ಮುದ್ದೇಬಿಹಾಳ ತಾಲ್ಲೂಕು, ವಿಜಯಪುರ ಜಿಲ್ಲೆ