ಹೆಸರು ಇದ್ದೂ ‘ಇಲ್ಲ’ ಅನ್ನುವ ಕಂಪ್ಯೂಟರ್

ಸಂಪಾದಕರೇ,

ನಮ್ಮ ಕಡೆಯ ಒಂದು ಪತ್ತಿನ ಸಂಘದಲ್ಲಿ ಈಚೆಗೆ ಸಾಫ್ಟ್‌ವೇರ್ ಅಪ್‌ಡೇಟ್ ಆಯಿತು. ಆಮೇಲಿಂದ ಕಳಕಪ್ಪ ಅನ್ನುವ ಹೆಸರಿನವರು ಯಾರೇ ಹೋದರೂ ‘ಪಟ್ಟಿಯಲ್ಲಿ ನೀವಿಲ್ಲ, ಹೊಸ ಅರ್ಜಿ ಕೊಡಿ’ ಎಂಬ ಉತ್ತರ. ಪೂರ್ತಿ ಪಟ್ಟಿ ಪ್ರಿಂಟ್ ತೆಗೆದರೆ ಹೆಸರು ಅದರಲ್ಲಿದೆ. ಹುಡುಕಿದರೆ ಮಾತ್ರ ಸಿಗುವುದಿಲ್ಲ!

ಡೇಟಾಬೇಸ್ ಕೆಲಸ ಮಾಡುವವರಿಗೆ ಇದು ಹಳೆಯ ಕಾಯಿಲೆ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ, ಅದೇ ಯುನಿಕೋಡ್. ಯುನಿಕೋಡ್‌ ಸಂಖ್ಯೆಯ ಪ್ರಕಾರ ಳ ಬರುವುದು ವ-ಕ್ಕಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ, ಕೊನೆಗೆ. ಹಳೆಯ ಸಾಫ್ಟ್‌ವೇರ್ ಬರೀ ಸಂಖ್ಯೆ ನೋಡಿ ಹೋಲಿಸುತ್ತಿತ್ತು, ಹಾಗಾಗಿ ಕಳಕಪ್ಪ ಕವಿತಾಗಿಂತ ಮೇಲೆ ಕೂತಿದ್ದ. ಅದನ್ನು ತಿದ್ದಿದ್ದು ಸರಿಯೇ. ಆದರೆ ತಿದ್ದಿದವರು ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು (ಬೇಗ ಹುಡುಕಲೆಂದು ಹೆಸರುಗಳನ್ನು ಕ್ರಮವಾಗಿ ಜೋಡಿಸಿಟ್ಟ ಪಟ್ಟಿ) ಹಾಗೇ ಬಿಟ್ಟರು. ಇಂಡೆಕ್ಸ್ ಎಲ್ಲ ಹೆಸರನ್ನೂ ಓದುವುದಿಲ್ಲ, ನಡುವಿನ ಒಂದು ಹೆಸರಿಗೆ ಹೋಲಿಸಿ ಈ ಕಡೆಯೋ ಆ ಕಡೆಯೋ ಅಂತ ತೀರ್ಮಾನಿಸಿ ಉಳಿದ ಅರ್ಧವನ್ನು ಕೈಬಿಡುತ್ತದೆ. ನಡುವೆ ಕವಿತಾ ಸಿಕ್ಕರೆ ಹೊಸ ನಿಯಮ ‘ಕಳಕಪ್ಪ ಇದರ ಕೆಳಗಿದ್ದಾನೆ’ ಅನ್ನುತ್ತದೆ, ಅವನು ಇರುವುದು ಮೇಲೆ. ಸಿಗುವುದು ಹೇಗೆ?

ಸಂಘದವರು ಬಳಸುವ ಡೇಟಾಬೇಸ್ ಎಸ್‌ಕ್ಯೂಲೈಟ್. ಹೋಲಿಕೆಯ ನಿಯಮ ಬದಲಾದರೆ ಓಡಿಸಲೆಂದೇ ಅದರಲ್ಲಿ ಇಂಡೆಕ್ಸನ್ನು ಹೊಸದಾಗಿ ಕಟ್ಟುವ ರೀಇಂಡೆಕ್ಸ್ ಅನ್ನುವ ಕಮಾಂಡ್ ಇದೆ, ಒಂದೇ ಸಾಲು. ದೊಡ್ಡವರೂ ಇದರಲ್ಲಿ ಎಡವಿದ್ದಾರೆ ಬಿಡಿ: 2018ರಲ್ಲಿ ಲಿನಕ್ಸ್‌ನ ಜಿಲಿಬ್‌ಸಿ 2.28 (ಅಕ್ಷರಗಳ ಕ್ರಮವನ್ನೂ ಹೇಳುವ ಮೂಲ ಲೈಬ್ರರಿ) ಬಂದಾಗ ಆ ಕ್ರಮ ಬದಲಾಗಿ, ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮಾಡಿದ ಎಷ್ಟೋ ಕಡೆ ಇನ್ನೊಂದು ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಇಂಡೆಕ್ಸ್‌ಗಳು ಸದ್ದಿಲ್ಲದೆ ಕೆಟ್ಟವು.

ಈಗ ಸಂಘದಲ್ಲಿ ಇನ್ನೊಂದು ತೊಡಕು. ಒಂದೇ ಹೆಸರು, ತಂದೆಯ ಹೆಸರು, ಊರು ಎರಡು ಸಲ ಸೇರದಂತೆ ತಡೆಯುವುದು ಯೂನಿಕ್ ಇಂಡೆಕ್ಸ್. ಅದೂ ಕುರುಡಾಗಿದೆ. ಹೊಸ ಅರ್ಜಿ ಕೊಟ್ಟವರೆಲ್ಲ ಎರಡೆರಡು ಸಲ ಸದಸ್ಯರಾಗಿದ್ದಾರೆ, ಷೇರು ಹಳೆಯ ಖಾತೆಯಲ್ಲಿ, ಸಾಲದ ಕಂತು ಹೊಸದರಲ್ಲಿ. ಈ ಜೋಡಿ ದಾಖಲೆ ಇರುವ ತನಕ ರೀಇಂಡೆಕ್ಸ್ ಕೂಡ ಎರರ್ ಕೊಟ್ಟು ನಿಲ್ಲುತ್ತದೆ. ಮೊದಲು ಇಂಡೆಕ್ಸ್ ಬಳಸದೆ ಪೂರ್ತಿ ಟೇಬಲ್ ಓದಿ ಜೋಡಿಗಳನ್ನು ಹುಡುಕಿ, ಪಾಸ್‌ಬುಕ್ ಜೊತೆ ತಾಳೆ ನೋಡಿ ಒಂದಾಗಿಸಬೇಕು. ಇದನ್ನು ಸಾಫ್ಟ್‌ವೇರ್ ಕೊಟ್ಟವರೇ ಬಂದು ಮಾಡಲಿ, ಕೌಂಟರಿನ ಹುಡುಗಿಯ ತಲೆಗೆ ಕಟ್ಟುವುದು ಬೇಡ. ಅಲ್ಲಿಯ ತನಕ ಹೊಸ ಅರ್ಜಿ ಬರೆಸಿಕೊಳ್ಳುವುದನ್ನಾದರೂ ನಿಲ್ಲಿಸಿ.

– ಒಬ್ಬ ಓದುಗ, ಗದಗ